ಯಜಮಾನರು ಚಪ್ಪಾಳೆ ತಟ್ಟಿದ ಎಚ್ಚರಿಕೆ

"ಇವತ್ತು ಸಂಜೆಯೊಳಗೆ ನಾನು ಸುಳ್ಳು ಹೇಳಿದೆ ಅಂತ ನನ್ನ ಕೈಯಾರೆ ಬರೆದುಕೊಡ್ಬೇಕಂತೆ" ಎಂದಳು ಆ ಹುಡುಗಿ. ಕೊರಳಿಗೆ ತೂಗುಬಿದ್ದಿದ್ದ ಕಾರ್ಖಾನೆಯ ಗುರುತಿನ ಚೀಟಿಯನ್ನು ಬೆರಳಲ್ಲಿ ಒಂದೇ ಸಮನೆ ತಿರುಗಿಸುತ್ತಿದ್ದಳು. ಅದರ ದಾರ ಹುರಿಗೊಂಡು ಕತ್ತಿಗೆ ಬಿಗಿಯುತ್ತಿತ್ತು. ನೋಡುತ್ತ ಕೂತಿದ್ದ ನನಗೇ ಉಸಿರು ಕಟ್ಟಿದಂತಾಯಿತು.

ಪಾವ್‌ಚಿನ್ ಅಕ್ಕ ಬೆಳಗಿನ ತಿಂಡಿಗೆ ಕೂತಿದ್ದರು. ಮೂಲಂಗಿ ಕಡುಬಿನ ತಟ್ಟೆಯನ್ನು ಹುಡುಗಿಯ ಕಡೆ ಸರಿಸಿ, "ಮೊದಲು ಆ ಚೀಟಿ ಬಿಡಮ್ಮ, ತಿನ್ನು. ಹೊಟ್ಟೆ ಖಾಲಿ ಇದ್ರೆ ಮಾತು ಹಿಂದುಮುಂದಾಗುತ್ತೆ" ಎಂದರು.

ನಮ್ಮ ತೈಚುಂಗ್ ನಗರದ ಹಳೇ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕೆಳಗಿನ ಮನೆ ನನ್ನದು, ಮಹಡಿ ಅಕ್ಕನದು. ಅವರು ವಿಮಾ ಕಂಪನಿಯಲ್ಲಿ ಸುಳ್ಳು ಹೇಳಿ ಪರಿಹಾರ ಕೇಳುವವರನ್ನು ಹಿಡಿಯುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೂ ಆ ಚಟ ಹೋಗಿರಲಿಲ್ಲ. ನಾನು ಯೆನ್ ಮೇಷ್ಟ್ರು, ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವನು. ಅಕ್ಕನಿಗೆ ಸ್ಕೂಟರ್ ಓಡಿಸಲು ಬಾರದು, ನನಗೆ ಮನೆಯಲ್ಲಿ ಸುಮ್ಮನೆ ಕೂರಲು ಬಾರದು. ಹೀಗಾಗಿ ಅವರ ಪತ್ತೇದಾರಿಕೆಗೆಲ್ಲ ನನ್ನ ಸ್ಕೂಟರೇ ವಾಹನ. ನಾನು ಪುಕ್ಕಲು ಮನುಷ್ಯ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಆವತ್ತಿನಷ್ಟು ಎದೆ ಡವಗುಟ್ಟಿದ ದಿನ ಇನ್ನೊಂದಿಲ್ಲ.

ಹುಡುಗಿಯ ಹೆಸರು ಚುವಾಂಗ್ ಯಿಚಿಂಗ್. ಊರ ಹೊರಗೆ ಮುದುಕ ಕಾವ್ ಅವರ ಸೈಕಲ್ ಚೈನಿನ ಕಾರ್ಖಾನೆಯಿದೆಯಲ್ಲ, ಅಲ್ಲಿ ಕಂಪ್ಯೂಟರುಗಳ ಕಾವಲು ಅವಳ ಕೆಲಸ. ಸೋಮವಾರ ಬೆಳಗ್ಗೆ ಕೆಲಸಗಾರರು ಬರುವಷ್ಟರಲ್ಲಿ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಕಳ್ಳರು ಬೀಗ ಜಡಿದಿದ್ದರು. ದುಡ್ಡು ಕೊಟ್ಟರೆ ಬಿಡುತ್ತೇವೆ ಎಂಬ ಬೆದರಿಕೆ ಪರದೆಯ ಮೇಲಿತ್ತು. ಯಂತ್ರಗಳು ನಿಂತವು.

"ಯಂತ್ರ ರಿಪೇರಿ ಮಾಡೋ ಹೊರಗಿನವ್ರು ಅವರ ಮನೇಲೇ ಕೂತು ನಮ್ಮ ಯಂತ್ರದೊಳಗೆ ಬರೋಕೆ ಒಂದು ದಾರಿ ಇದೆ ಅಕ್ಕಾ" ಎಂದಳು ಯಿಚಿಂಗ್. "ಅದಕ್ಕೆ ಒಂದೇ ಪಾಸ್‌ವರ್ಡು. ಅದು ಎಷ್ಟು ಜನಕ್ಕೆ ಗೊತ್ತೋ ದೇವರೇ ಬಲ್ಲ. ಕಳ್ಳರು ಬಂದಿದ್ದೂ ಅದೇ ದಾರೀಲಿ. ಇದನ್ನ ಮುಚ್ಚಿ ಅಂತ ಹೋದ ತಿಂಗಳೇ ಯಜಮಾನರ ಮುಂದೆ ಮೀಟಿಂಗಲ್ಲಿ ತೋರಿಸಿದ್ದೆ. ಒಂದೊಂದು ವಿಭಾಗಕ್ಕೆ ಒಂದೊಂದು ಚೌಕ. ಅಪಾಯ ಇದ್ರೆ ಕೆಂಪು, ಇಲ್ದಿದ್ರೆ ಹಸಿರು. ಗೋಡೆ ತುಂಬ ಬರೀ ಕೆಂಪು."

"ಬಾಯಲ್ಲಿ ಏನು ಹೇಳಿದೆ? ಹೇಳಿದ ಹಾಗೇ ಹೇಳು" ಎಂದರು ಅಕ್ಕ.

ಯಿಚಿಂಗ್ ನೆಟ್ಟಗೆ ಕೂತಳು. "ದೂರಪ್ರವೇಶ ಮಾರ್ಗದ ದುರ್ಬಲತಾ ಸೂಚ್ಯಂಕವು ಸಮಸ್ತ ವಿಭಾಗಗಳಲ್ಲಿ ಗರಿಷ್ಠ ಮಟ್ಟವನ್ನು ತಲುಪಿದ್ದು, ಮುಂದಿನ ತ್ರೈಮಾಸಿಕದಲ್ಲಿ ಸೂಕ್ತ ನಿವಾರಣಾ ಕ್ರಮಗಳನ್ನು ಪರಿಗಣಿಸಬಹುದಾಗಿದೆ..."

ನನಗೆ ಒಂದಕ್ಷರ ತಲೆಗೆ ಹತ್ತಲಿಲ್ಲ. ಅಕ್ಕ ಮಾತ್ರ ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟು ಕಿವಿಗೊಟ್ಟಿದ್ದರು. "ಯಜಮಾನರು ಏನಂದ್ರು?"

"ಚಪ್ಪಾಳೆ ತಟ್ಟಿದ್ರು. 'ಬಹಳ ಚೆನ್ನಾಗಿದೆ' ಅಂದು ಎಲ್ರಿಗೂ ಹಾಲಿನ ಚಹಾ ತರಿಸಿದ್ರು. ನನ್ನ ಕೆಲಸ ಮೆಚ್ಚಿದ್ರು, ಇನ್ನೇನು ಆ ದಾರಿ ಮುಚ್ಚೋಕೆ ಹೇಳ್ತಾರೆ ಅಂತ ಕಾದೆ. ಹೇಳ್ಲೇ ಇಲ್ಲ. ಈಗ ಕೇಳಿದ್ರೆ, ಎಲ್ಲಾ ಚೆನ್ನಾಗಿದೆ ಅಂತ ನೀನೇ ತೋರಿಸ್ದೆ, ನಾನು ಕಣ್ಣಾರೆ ನೋಡಿದೀನಿ ಅಂತಾರೆ. ಉಳಿದಿರೋ ಒಂದು ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ..." ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಆ ಚೌಕಗಳೆಲ್ಲ ಹಸಿರಾಗಿವೆ."

ಆ ಲ್ಯಾಪ್‌ಟಾಪ್ ಮೀಟಿಂಗ್ ಕೋಣೆಯದು. ಬೇರೆ ಕಂಪ್ಯೂಟರುಗಳ ಜೊತೆ ಅದಕ್ಕೆ ಸಂಪರ್ಕವಿರಲಿಲ್ಲವಾಗಿ ಕಳ್ಳರ ಕೈಗೆ ಸಿಕ್ಕಿರಲಿಲ್ಲ. ಅದರ ಗಡಿಯಾರ ಕೆಟ್ಟು ಬಹಳ ಕಾಲವಾಗಿತ್ತು. ಯಾರು ಯಾವಾಗ ಏನು ತಿದ್ದಿದರೆಂದು ಅದನ್ನು ಕೇಳಿ ಪ್ರಯೋಜನವಿರಲಿಲ್ಲ.

"ಕೆಲಸ ಹೋದ್ರೆ ಹೋಗ್ಲಿ ಅಕ್ಕಾ. ಸುಳ್ಳಿ ಅಂತ ಹೆಸರು ಬಂದ್ರೆ ಈ ಕಸುಬಲ್ಲಿ ನನ್ನ ಮಾತು ಯಾರೂ ನಂಬಲ್ಲ. ನಂಬದ ಕಾವಲುಗಾರಳನ್ನ ಯಾರಿಟ್ಕೋತಾರೆ? ಇನ್ನೊಂದು ಮಾತು, ಆ ದಾರಿ ಇನ್ನೂ..." ಎಂದು ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ಅಕ್ಕ ಎದ್ದು ಚಪ್ಪಲಿ ಹುಡುಕುತ್ತಿದ್ದರು. "ಮೇಷ್ಟ್ರೇ, ಸ್ಕೂಟರ್ ತೆಗೀರಿ" ಎಂದರು.

ಕಾವ್ ಅವರ ಕಾರ್ಖಾನೆಗೆ ಹಿಂದೊಮ್ಮೆ ಬೆಂಕಿ ಬಿದ್ದಾಗ, ಮುದುಕನೇ ಇಟ್ಟಿದ್ದು ಎಂದು ಊರೆಲ್ಲ ಗುಸುಗುಸು ಎದ್ದಿತ್ತು. ಆಗ ವಿಮಾ ಕಂಪನಿಯ ಕಡೆಯಿಂದ ಹೋಗಿ ಅವರ ಹೆಸರು ಉಳಿಸಿದ್ದು ಅಕ್ಕ. ಆ ಋಣಕ್ಕೆ ಮುದುಕ ನಮ್ಮನ್ನು ಒಳಗೆ ಬಿಟ್ಟರು. ಇಲ್ಲದಿದ್ದರೆ ಆವತ್ತು ನೊಣವೂ ಒಳಗೆ ಹೋಗುವಂತಿರಲಿಲ್ಲ.

ಕೋಣೆಯಲ್ಲಿ ಅವರು ದೊಡ್ಡ ಪರದೆಯೊಂದರ ಮುಂದೆ ಕೂತಿದ್ದರು. ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಸತ್ತಿದ್ದರೂ ಶೇರು ಪೇಟೆಯ ಪರದೆ ಮಾತ್ರ ಅವರ ಸ್ವಂತದ ಫೋನಿನ ಉಸಿರಲ್ಲಿ ಬದುಕಿತ್ತು. ಆವತ್ತು ಪೇಟೆ ಬಿದ್ದಿತ್ತು.

"ನೋಡಿ ಅಮ್ಮಾ, ಬೆಳಗ್ಗೆಯಿಂದ ಬರೀ ಹಸಿರು, ಹಸಿರು" ಎಂದು ಮುದುಕ ಗೊಣಗಿದರು. "ಮನೆಗೆ ದರಿದ್ರ ಬಂದ್ರೆ ಎಲ್ಲಾ ಕಡೆಯಿಂದ್ಲೂ ಬರುತ್ತೆ. ಆ ಹುಡುಗೀನ ನನ್ನ ಮೊಮ್ಮಗಳ ಹಾಗೆ ನೋಡ್ಕೊಂಡೆ. ಎಲ್ಲಾ ಚೆನ್ನಾಗಿದೆ ಅಂತ ಗೋಡೆ ಮೇಲೆ ತೋರಿಸಿ ನನ್ನ ಕಣ್ಣಿಗೆ ಮಣ್ಣೆರಚಿದ್ಲು."

"ಲ್ಯಾಪ್‌ಟಾಪಲ್ಲಿ ಇರೋದನ್ನ ನೀವು ಮತ್ತೆ ನೋಡಿದ್ರಾ?" ಅಕ್ಕ ಕೇಳಿದರು.

"ಮತ್ತೆ ಯಾಕೆ ನೋಡ್ಲಿ? ಆವತ್ತು ನೋಡಿದ್ದು ಕಣ್ಣಲ್ಲೇ ಇದೆ. ಎಷ್ಟು ಖುಷಿಪಟ್ಟಿದ್ದೆ ಗೊತ್ತಾ? ಹುಡುಗಿ ಏನೇನೋ ದೊಡ್ಡ ಮಾತಾಡಿದ್ಲು, ಅರ್ಧ ಅರ್ಥವಾಗ್ಲಿಲ್ಲ. ಆದರೆ ಗೋಡೆ ನೋಡಿದ್ರೆ ಸಾಕಿತ್ತು."

ಪೇಟೆಯ ಇನ್ನೊಂದು ಚೌಕ ಬಣ್ಣ ಬದಲಿಸಿತು. ಮುದುಕ ಹಣೆ ಚಚ್ಚಿಕೊಂಡರು.

ಆ ಮೀಟಿಂಗಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಹಣಕಾಸು ನೋಡಿಕೊಳ್ಳುವ ಲಾಯ್ ಮೇಡಂ, ಇನ್ನೊಬ್ಬರು ಕಾರ್ಖಾನೆಯ ಮೇಲ್ವಿಚಾರಕ ಕೋ. ಲಾಯ್ ಮೇಡಂ ನಮಗೆ ಕುರ್ಚಿಯನ್ನೂ ತೋರಿಸಲಿಲ್ಲ. "ಗೋಡೆ ಮೇಲೆ ಏನು ಕಂಡಿರಿ?" ಎಂದು ಅಕ್ಕ ಕೇಳಿದ್ದಕ್ಕೆ, "ಯಜಮಾನರಿಗೆ ಸಂತೋಷವಾಗಿದ್ದು ಕಂಡೆ" ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡರು.

ಕೋ ಯಂತ್ರಗಳ ನಡುವೆ ಓಡಾಡುತ್ತಿದ್ದ. ಅವನ ಅಂಗಿ ಬೆವರಲ್ಲಿ ಒದ್ದೆಯಾಗಿತ್ತು. ಒಂದೊಂದು ಯಂತ್ರದ ತಲೆಯ ಮೇಲೂ ತೆಂಗಿನ ಸುವಾಸನೆಯ ಕುರುಕಲು ತಿಂಡಿಯ ಹಸಿರು ಪೊಟ್ಟಣ ಕೂತಿತ್ತು. ಹಸಿರು ಇಟ್ಟರೆ ಯಂತ್ರ ಹೇಳಿದ ಮಾತು ಕೇಳುತ್ತದೆ, ಹಳದಿ ಇಟ್ಟರೆ ಕೈಕೊಡುತ್ತದೆ ಎಂಬುದು ನಂಬಿಕೆ. ನಮ್ಮಲ್ಲಿ ಆ ಪೊಟ್ಟಣ ಇಡದೆ ಯಾರು ತಾನೆ ಯಂತ್ರ ಓಡಿಸುತ್ತಾರೆ?

"ಇಷ್ಟೊಂದು ಹಸಿರು ಇಟ್ಟೂ ಯಂತ್ರ ಮುನಿಸ್ಕೊಂಡ್ವಲ್ಲಪ್ಪ" ಎಂದು ಅಕ್ಕ ಛೇಡಿಸಿದರು.

"ಅವಧಿ ಮೀರಿದ ಪೊಟ್ಟಣ ಇತ್ತೇನೋ ಅಂತ ಒಂದೊಂದನ್ನೂ ನೋಡ್ದೆ. ಎಲ್ಲಾ ಸರಿಯಾಗೇ ಇದ್ವು" ಎಂದ ಕೋ, ನಗದೆ. "ಹಳದಿ ಇಟ್ಟಿದ್ರೆ ನಮ್ಮದೇ ತಪ್ಪು ಅನ್ನಬಹುದಿತ್ತು. ನನಗೆ ಪುರುಸೊತ್ತಿಲ್ಲ ಅಕ್ಕಾವ್ರೇ. ನಮ್ಮ ಹತ್ರ ಉಳಿದಿರೋದು ಎಲ್ಲ ಕಡತಗಳ ಒಂದೇ ಒಂದು ನಕಲು. ಅದನ್ನ ಇವತ್ತು ತುಂಬಿಸಿದ್ರೆ ಯಂತ್ರ ಮತ್ತೆ ಓಡುತ್ತೆ."

"ಆವತ್ತು ಗೋಡೆ ಯಾವ ಬಣ್ಣ ಇತ್ತು?"

ಕೋ ಕೈಯ ಬಟ್ಟೆಯನ್ನು ಹಿಂಡಿದ. ಯಜಮಾನರ ಕೋಣೆಯ ಕಡೆ ನೋಡಿದ. "ಅದನ್ನ ಹೇಳೋದು ನನ್ನ ಕೆಲಸ ಅಲ್ಲ" ಎಂದು ಹೊರಟೇಹೋದ. ಇವನೇ ಕಳ್ಳ ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಹೊರಗಿನ ಮೊಗಸಾಲೆಯಲ್ಲಿ ಯಜಮಾನರ ಅಕ್ಕನ ಮಗ ತೂ ಮಿಂಗ್‌ಹಾನ್ ತಾನಾಗಿಯೇ ಎದುರಾದ. ಮಾವನ ನಂತರ ಕಾರ್ಖಾನೆ ಅವನದೇ. ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ವಿನಯದಿಂದ ಮಾತಾಡಿದ್ದು ಅವನೊಬ್ಬನೇ.

"ಪಾಪದ ಹುಡುಗಿ. ಆದರೂ ಹಸಿರು ಹಸಿರಾಗಿ ತೋರಿಸಿ ಮಾವನನ್ನ ಹೀಗೆ ಮೈಮರೆಸಬಾರದಿತ್ತು" ಎಂದ. "ನಾನು ಆ ದಿನ ಹನೋಯಿಗೆ ಹೋಗಿದ್ದೆ. ಸಂಜೆ ಮಾವ ಫೋನ್ ಮಾಡಿ, ಕಂಪ್ಯೂಟರುಗಳೆಲ್ಲ ಬಹಳ ಚೆನ್ನಾಗಿವೆಯಂತೆ ಕಣೋ, ತಲೆ ಕೆಡಿಸ್ಕೋಬೇಡ ಅಂದ್ರು. ನಾನಿದ್ದಿದ್ರೆ ನಾಲ್ಕು ಪ್ರಶ್ನೆ ಕೇಳ್ತಿದ್ದೆ."

"ಆ ರಿಪೇರಿಯವರ ದಾರಿ ಯಾರ ಸುಪರ್ದಿಯಲ್ಲಿದೆ?"

"ನನ್ನದೇ. ಯಂತ್ರ ಕೆಟ್ರೆ ಅವರನ್ನ ಕರೆಸೋವರೆಗೂ ಕಾಯೋಕಾಗುತ್ತಾ? ಮಾವ ಎಲ್ಲಾ ಚೆನ್ನಾಗಿದೆ ಅಂದ ಮೇಲೆ ಮುಚ್ಚೋ ಮಾತೇ ಬರಲಿಲ್ಲ."

ಸ್ಕೂಟರಿನ ಹತ್ತಿರ ಬಂದ ಮೇಲೆ ನಾನು ತಡೆಯಲಾರದೆ, "ಆ ಕೋ ಅನ್ನೋನೇ ಕಳ್ಳ ಅಕ್ಕಾ. ಅವನ ಮುಖ ನೋಡಿದ್ರಾ?" ಎಂದೆ.

"ನೋಡಿದೆ. ಹೆದರಿದ ಮುಖ. ನಿಮ್ಮ ಮುಖಾನೂ ಹಾಗೇ ಇದೆ, ನಿಮ್ಮನ್ನೂ ಹಿಡಿದುಹಾಕ್ಲಾ?" ಎಂದರು ಅಕ್ಕ. ಆಮೇಲೆ ನಗು ಮಾಯವಾಗಿ, "ಒಂದು ಗೋಡೆ. ತೋರಿಸಿದವಳು ಅಪಾಯ ಅಂತಾಳೆ, ನೋಡಿದವರು ಚೆನ್ನಾಗಿತ್ತು ಅಂತಾರೆ. ಇಬ್ಬರೂ ನಿಜಾನೇ ಹೇಳ್ತಿದಾರೆ ಮೇಷ್ಟ್ರೇ. ಅದೇ ನನಗೆ ದಿಗಿಲು" ಎಂದರು.

ಮಧ್ಯಾಹ್ನ ಪೇಟೆ ಮುಚ್ಚಿದ ಮೇಲೆ ಎಲ್ಲರೂ ಅದೇ ಮೀಟಿಂಗ್ ಕೋಣೆಯಲ್ಲಿ ಸೇರಿದರು. ಅಕ್ಕನ ಹಟಕ್ಕೆ ಯಿಚಿಂಗ್‌ಳನ್ನೂ ಒಳಗೆ ಬರಲು ಬಿಟ್ಟಿದ್ದರು. ಅವಳು ಬಾಗಿಲ ಪಕ್ಕ ಗುಬ್ಬಚ್ಚಿಯ ಹಾಗೆ ಕೂತಳು. ಅವಳ ಮುಂದೆ ಒಂದು ಬಿಳಿ ಹಾಳೆ, ಒಂದು ಪೆನ್ನು. ಬರೆಯಬೇಕಾದದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅವಳ ಕಡೆ ನೋಡಲಿಲ್ಲ.

ಅಕ್ಕ ದೀಪ ಆರಿಸಿ ಲ್ಯಾಪ್‌ಟಾಪಿನ ಚಿತ್ರವನ್ನು ಗೋಡೆಗೆ ಹಾಯಿಸಿದರು. ಕೋಣೆಯೆಲ್ಲ ಹಸಿರಾಯಿತು. ಎಲ್ಲರ ಮುಖವೂ ಕಾಹಿಲೆಯವರ ಮುಖದಂತೆ ಕಂಡಿತು.

"ಯಜಮಾನ್ರೇ, ನೀವು ಆವತ್ತು ನೋಡಿ ಚಪ್ಪಾಳೆ ತಟ್ಟಿದ್ದು ಇದಕ್ಕೇನಾ?"

ಮುದುಕ ಕುರ್ಚಿಯಿಂದ ಅರ್ಧ ಎದ್ದರು. "ಇದಲ್ಲ! ಇದ್ಯಾವ ಅನಿಷ್ಟ? ಇಷ್ಟು ಹಸಿರು ನೋಡಿದ್ರೆ ಎದೆ ಒಡೆದು ಸಾಯ್ತಿದ್ದೆ, ಚಪ್ಪಾಳೆ ಎಲ್ಲಿ ತಟ್ಲಿ? ಆವತ್ತು ಇದ್ದಿದ್ದು ಕೆಂಪು. ಮೂಲೆಯಿಂದ ಮೂಲೆಗೆ ಕೆಂಪು! ಪೇಟೆಯಲ್ಲಿ ಅಂಥ ದಿನ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಹುಡುಗಿ ಬೇರೆ, ಸೂಚ್ಯಂಕ ಎಲ್ಲಾ ಕಡೆ ಮೇಲಕ್ಕೆ ಹೋಗಿದೆ ಅಂದ್ಲು..."

ಯಿಚಿಂಗ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಇಷ್ಟು ದೊಡ್ಡ ಯಜಮಾನ ತನ್ನ ಜನರ ಎದುರು ತಪ್ಪು ತಿಳಿದವರಾಗಿ ನಿಂತಿದ್ದರು. ಮುಂದೇನಾಗುವುದೋ ಎಂದು ನನಗೆ ಬಾಗಿಲ ಕಡೆಯೇ ಕಣ್ಣು ಹೋಯಿತು.

ಅಕ್ಕ ದೀಪ ಹಾಕಿದರು. ಅವರ ದನಿ ಮೆತ್ತಗಿತ್ತು. "ಯಿಚಿಂಗ್ ಹೇಳಿದ್ದೂ ಕೆಂಪು ಅಂತಾನೇ. ಇಬ್ಬರೂ ಒಂದೇ ಗೋಡೆ ನೋಡಿದ್ರಿ. ರಸ್ತೇಲಿ ಕೆಂಪು ಕಂಡ್ರೆ ಯಜಮಾನರೂ ನಿಲ್ತಾರೆ. ಆದರೆ ಚೌಕಗಳಲ್ಲಿ ಕೆಂಪು ಕಂಡ್ರೆ? ಬೆಳಗ್ಗೆ ಅವರ ಪರದೆ ನೋಡಿದೆ. ಚೌಕಗಳು ಹಸಿರಾದ ಹಾಗೆಲ್ಲ ಅವರು ಹಣೆ ಚಚ್ಚಿಕೊಳ್ತಿದ್ರು. ಈ ದೇಶದ ಪೇಟೇಲಿ ಏರಿದ್ದು ಕೆಂಪು, ಇಳಿದಿದ್ದು ಹಸಿರು. ಅವರ ಜೀವನವೆಲ್ಲ ಆ ಚೌಕಗಳ ಮುಂದೆ ಕಳೆದಿದೆ. ಅಪಾಯ ಅನ್ನೋ ಮಾತನ್ನ ಈ ಹುಡುಗಿ ಒಂದು ಸಲಾನೂ ಅವರಿಗೆ ತಿಳಿಯೋ ಹಾಗೆ ಆಡಲಿಲ್ಲ. ಹಾಗಾದ್ರೆ ಲ್ಯಾಪ್‌ಟಾಪಲ್ಲಿದ್ದ ಕೆಂಪನ್ನ ಹಸಿರು ಮಾಡಿದ್ದು ಯಾರು?"

"ಯಾರು ಬೇಕಾದ್ರೂ ಮಾಡಿರಬಹುದು" ಎಂದ ಮಿಂಗ್‌ಹಾನ್. "ಈ ಕೋಣೆಗೆ ಎಲ್ಲರೂ ಬರ್ತಾರೆ."

"ಬರ್ತಾರೆ. ಆದರೆ ತಿದ್ದಿದವರ ಮನಸ್ಸು ನೋಡಿ. 'ಚೆನ್ನಾಗಿದೆ' ಅಂತ ಯಜಮಾನರಿಗೆ ಅನ್ನಿಸಿದ್ದು ಅವರಿಗೆ ಗೊತ್ತಿತ್ತು. ಅದಕ್ಕೆ ಹೊಂದೋ ಹಾಗೆ ಗೋಡೆ ಬಣ್ಣ ಮಾಡಿದ್ರು. ಲಾಯ್ ಮೇಡಂ, ಕೋ ಇಬ್ಬರೂ ಇಲ್ಲೇ ಕೂತಿದ್ರು. ಯಜಮಾನರು ಕೆಂಪು ನೋಡಿ ಚಪ್ಪಾಳೆ ತಟ್ಟಿದ್ದನ್ನ ಕಣ್ಣಾರೆ ಕಂಡವರು. ಅವರು ಹಸಿರು ಬಳಿದ್ರೆ ಯಜಮಾನರು ಒಂದು ಸಲ ಕಣ್ಣು ಹಾಯಿಸಿದ್ರೂ ಸಿಕ್ಕಿಬೀಳ್ತಾರೆ ಅಂತ ಅವರಿಗೆ ಗೊತ್ತು. ಕೆಂಪನ್ನ ಕೆಂಪಾಗೇ ಬಿಟ್ಟು ಬಾಯಿ ಮುಚ್ಕೊಂಡಿರ್ತಿದ್ರು. ಹಾಗೇ ಮಾಡಿದ್ರು ಕೂಡ." ಅಕ್ಕ ಮಿಂಗ್‌ಹಾನ್ ಕಡೆ ತಿರುಗಿದರು. "ಚೆನ್ನಾಗಿದೆ ಅನ್ನೋದು ಗೊತ್ತಿದ್ದು, ಏನು ನೋಡಿ ಹಾಗಂದ್ರು ಅನ್ನೋದು ಗೊತ್ತಿಲ್ಲದೇ ಇದ್ದವರು ಒಬ್ಬರೇ. ಹನೋಯಿಯಲ್ಲಿ ಫೋನ್ ಹಿಡಿದು ಕೇಳಿದವರು. ಯಂತ್ರಗಳ ಮೇಲೆ ಹಸಿರು ಪೊಟ್ಟಣ ಇಟ್ಟು ಬೆಳೆದವರಿಗೆ ಚೆನ್ನಾಗಿದೆ ಅಂದ್ರೆ ಹಸಿರೇ ಅಲ್ವಾ?"

"ಮಾವಾ, ಈಯಮ್ಮ ಕತೆ ಕಟ್ತಿದಾರೆ!" ಮಿಂಗ್‌ಹಾನ್ ಮೇಜು ಗುದ್ದಿದ. "ಸಾಕ್ಷಿ ಎಲ್ಲಿ?"

ಆಗ ಕೋ ಎದ್ದು ನಿಂತ. "ಸೋಮವಾರ ಬೆಳಗ್ಗೆ ಈ ಕೋಣೆ ಬೀಗದ ಕೈ ನನ್ನಿಂದ ಇಸ್ಕೊಂಡೋರು ನೀವೇ" ಎಂದ. "ಗೋಡೆ ಕೆಂಪಾಗೇ ಇತ್ತು ಯಜಮಾನ್ರೇ. ನೀವು ಚಪ್ಪಾಳೆ ತಟ್ಟಿದಾಗ್ಲೇ ನಂಗೆ ಅನುಮಾನ ಬಂತು. ಎಲ್ಲರೆದುರು ನಿಮಗೆ ತಪ್ಪು ಅಂತ ಹೇಗೆ ಹೇಳ್ಲಿ? ನಿಮ್ಮ ಮುಖ ಉಳಿಸೋಕೆ ಹೋಗಿ ಈ ಹುಡುಗಿ ಮುಖಕ್ಕೆ ಮಸಿ ಬಳಿದ್ವಿ."

ಲಾಯ್ ಮೇಡಂ ತಲೆ ತಗ್ಗಿಸಿದರು. "ನಾನೂ ನೋಡಿದೆ" ಎಂಬ ಮಾತು ಅವರ ಬಾಯಿಂದ ಕೇಳಿಯೂ ಕೇಳದ ಹಾಗೆ ಬಂತು.

ಮಿಂಗ್‌ಹಾನ್‌ನ ಗತ್ತು ಇಳಿಯಿತು. "ಆ ದಾರಿ ಮುಚ್ಚು ಅಂತ ಯಿಚಿಂಗ್ ನನಗೂ ಹೇಳಿದ್ಲು ಮಾವಾ" ಎಂದ, ನೆಲ ನೋಡುತ್ತ. "ಮೂರು ದಿನ ಯಂತ್ರ ನಿಲ್ಲಿಸ್ಬೇಕು ಅಂದ್ಲು. ನಾನು ಕಾರ್ಖಾನೆಗೆ ಬಂದ ವರ್ಷಾನೇ ಮಾಲಿನ ಸಾಗಣೆ ಕಮ್ಮಿಯಾಯ್ತು ಅಂತ ನೀವಂತೀರಿ ಅಂತ ಹೆದರಿ ಸುಮ್ಮನಾದೆ. ಕಳ್ಳರು ಬಂದ ಮೇಲೆ ಆ ಕೆಂಪು ಇನ್ನೂ ಇದ್ರೆ ಅವಳು ಮೊದಲೇ ಎಚ್ಚರಿಸಿದ್ದು ಬಯಲಾಗಿ ನನ್ನ ಕತೆ ಮುಗೀತು ಅನ್ನಿಸ್ತು. ಹಸಿರು ಮಾಡಿಬಿಟ್ಟೆ."

ಮುದುಕ ಸೋದರಳಿಯನನ್ನು ಬಿಟ್ಟು ಬಾಗಿಲ ಪಕ್ಕ ಕೂತಿದ್ದ ಯಿಚಿಂಗ್ ಕಡೆ ತಿರುಗಿದರು. "ನಾನು ಚಪ್ಪಾಳೆ ತಟ್ಟಿದಾಗ ನೀನ್ಯಾಕೆ ಸುಮ್ಮನಿದ್ದೆ ಮಗಳೇ?"

"ನನ್ನ ಮೆಚ್ಕೊಂಡ್ರಿ ಅಂತ ಖುಷಿಯಾಯ್ತು ಯಜಮಾನ್ರೇ. ಖುಷೀಲಿ ಏನೂ ಕೇಳ್ಬೇಕು ಅನ್ನಿಸ್ಲಿಲ್ಲ."

"ಈಗ ಹೇಳು. ಗೋಡೆ ಬೇಡ, ದೊಡ್ಡ ಮಾತು ಬೇಡ. ನಿನ್ನ ತಾತನಿಗೆ ಹೇಳೋ ಹಾಗೆ ಹೇಳು."

ಯಿಚಿಂಗ್ ಎದ್ದಳು. ಕೈ ಅಭ್ಯಾಸದಂತೆ ಕೊರಳ ಚೀಟಿಗೆ ಹೋಯಿತು, ಹಾಗೇ ಕೆಳಗಿಳಿಯಿತು. "ನಮ್ಮ ಹಿಂಬಾಗಿಲು ಇನ್ನೂ ತೆರೆದಿದೆ. ರಿಪೇರಿಯವರು ಬರಲಿ ಅಂತ ಬಿಟ್ಟಿದಾರೆ. ಕಳ್ಳರ ಹತ್ರ ಅದರ ಕೀಲಿ ಇದೆ. ಕೋ ಅಣ್ಣ ಆ ಕೊನೇ ನಕಲು ತುಂಬಿಸಿದ ಕೂಡಲೇ ಅದಕ್ಕೂ ಬೀಗ ಬೀಳುತ್ತೆ. ಆಮೇಲೆ ನಮ್ಮ ಹತ್ರ ಏನೂ ಉಳಿಯಲ್ಲ."

ಕೋ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ, ಹುಡುಗ್ರಿಗೆ ಶುರುಮಾಡಿ ಅಂತ ಹೇಳಿ ಬಂದೆ!"

ಮುದುಕ ಊರುಗೋಲನ್ನೂ ತೆಗೆದುಕೊಳ್ಳದೆ ಎದ್ದರು. ಆ ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ನಾವೆಲ್ಲ ಅವರ ಹಿಂದೆ ಬಿದ್ದೆವು. ಯಂತ್ರಗಳ ಸಾಲಿನ ಕೊನೆಯಲ್ಲಿ, ಹೊರಗಿನವರನ್ನು ಒಳಬಿಡುವ ಸಣ್ಣ ಪೆಟ್ಟಿಗೆ ಮಿಣಮಿಣ ಮಿನುಗುತ್ತಿತ್ತು. ಅದರ ತಲೆಯ ಮೇಲೂ ಒಂದು ಹಸಿರು ಪೊಟ್ಟಣ.

"ಯಾವ ತಂತಿ?" ಮುದುಕ ಕೂಗಿದರು.

"ಆ ನೀಲಿಯದು!" ಎಂದಳು ಯಿಚಿಂಗ್.

ಅವರು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ತಂತಿ ಕಿತ್ತು ಬಂತು, ಪೊಟ್ಟಣ ನೆಲಕ್ಕೆ ಬಿತ್ತು, ಮಿನುಗು ನಿಂತಿತು. ಕೋ ಓಡಿಹೋಗಿ ತನ್ನ ಹುಡುಗರನ್ನು ಕೇಳಿ ಬಂದ. ನಕಲು ಇದ್ದ ಡಬ್ಬಿಯನ್ನು ಆಗಷ್ಟೇ ಕೈಗೆ ತೆಗೆದುಕೊಂಡಿದ್ದರಂತೆ, ಇನ್ನೂ ಸಿಕ್ಕಿಸಿರಲಿಲ್ಲ. ಅದನ್ನು ಕೇಳಿ ನಾನು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಸಿದೆ. ಅಕ್ಕ ನನ್ನ ಬೆನ್ನು ಸವರಿದರು.

ಮುದುಕ ತಂತಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು, ಏದುಸಿರು ಬಿಡುತ್ತ. ಸುತ್ತ ಕೆಲಸಗಾರರು ಸೇರಿದ್ದರು. ಅವರೆಲ್ಲರ ಎದುರಿಗೇ ಅವರು ಯಿಚಿಂಗ್‌ಳನ್ನು ಹತ್ತಿರ ಕರೆದರು.

"ನಾನು ತಿಳ್ಕೊಂಡಿದ್ದನ್ನ ಹೇಳ್ತೀನಿ, ಸರಿಯಾಗಿದೆಯಾ ನೋಡು" ಎಂದರು. "ಹಿಂಬಾಗಿಲು ಈಗ ಮುಚ್ಚಿದೆ. ಹೊಸ ಕೀಲಿ ಆಗೋವರೆಗೆ ಮೂರು ದಿನ ಯಂತ್ರ ಓಡಬಾರದು. ನೀನು 'ಹೂಂ' ಅನ್ನೋವರೆಗೆ ಆ ನಕಲನ್ನ ಯಾರೂ ಮುಟ್ಟಬಾರದು. ತಪ್ಪಿದ್ರೆ ಹೇಳು, ಇಷ್ಟು ಜನರ ಎದುರಿಗೇ ಹೇಳು."

"ತಪ್ಪಿಲ್ಲ ಯಜಮಾನ್ರೇ. ಸರಿಯಾಗೇ ಕೇಳಿಸ್ಕೊಂಡಿದೀರಿ" ಎಂದಳು ಯಿಚಿಂಗ್. ಬೆಳಗ್ಗೆಯಿಂದ ತಡೆದಿಟ್ಟಿದ್ದ ಅಳು ಅವಳಿಗೆ ಆಗ ಬಂತು.